ರೈಲು ಟಿಕೆಟ್ಟಿನ ದರ: ಪಟ್ಟಿ ಓದಿ ಹಣ ಕೊಡಿರಿ

(ರೈತ ಬಾಂಧವರಿಗಾಗಿ ಮಾಡಿದ ಭಾಷಣ)



ಬೆಳಗಾವಿಯ ರವಿವಾರ ಪೇಟೆ ನಿಮಗೆ ಹೊಸದಲ್ಲ. ಮನೆಯ ಕಿರಾಣಿಗೆ, ಮದುವೆಯ ಜೀನಸಿಗೆ ಖಾನಾಪುರದ ಕಡೆಯಿಂದಲೂ ಸುತ್ತಿನ ಹಳ್ಳಿಗಳಿಂದಲೂ ನೀವು ಅಲ್ಲಿಗೆ ಬರುತ್ತೀರಿ. ಬೆಲ್ಲಕ್ಕೆ ಮೂರು ಅಂಗಡಿಯವರು ಮೂರು ಧಾರಣೆ ಹೇಳಿದರೆ ನೀವು ಗಾಬರಿಯಾಗುವುದಿಲ್ಲ. ಬೆಲ್ಲದ ಬಣ್ಣ ನೋಡುತ್ತೀರಿ. ತೂಕದಲ್ಲಿ ಚೀಲವೂ ಸೇರಿದೆಯೇ ಎಂದು ಕೇಳುತ್ತೀರಿ. ಹಮಾಲಿ ಯಾರ ಪಾಲಿಗೆ ಎಂದು ವಿಚಾರಿಸುತ್ತೀರಿ. ಅಡತಿಯವರು ಪಟ್ಟಿ ಕೊಟ್ಟಾಗ ದಲಾಲಿ ಎಷ್ಟು, ತೂಕದ ಕೂಲಿ ಎಷ್ಟು ಎಂದು ಸಾಲು ಸಾಲಾಗಿ ನೋಡಿ ಹಣ ಎಣಿಸಿಕೊಳ್ಳುತ್ತೀರಿ.

ಆದರೆ ಇದೇ ಜಾಣ್ಮೆಯನ್ನು ಮೊಬೈಲಿನಲ್ಲಿ ರೈಲು ಟಿಕೆಟ್ ತೆಗೆಯುವಾಗ ನಾವು ಬಳಸುವುದಿಲ್ಲ. ಒಂದೇ ಊರಿನ ಇಬ್ಬರು ಒಂದೇ ದಿನ ಬೆಂಗಳೂರಿಗೆ ಹೋದರೂ ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಮತ್ತೊಂದು ದರ ಬೀಳುತ್ತದೆ. "ಇದೇನೋ ಮೋಸ" ಎಂದು ಒಬ್ಬರು ಕೈಬಿಡುತ್ತಾರೆ. "ಇರಲಿ ಬಿಡು" ಎಂದು ಇನ್ನೊಬ್ಬರು ಹೆಚ್ಚಿಗೆ ಕೊಟ್ಟು ಬರುತ್ತಾರೆ. ಎರಡೂ ಸರಿಯಲ್ಲ. ಟಿಕೆಟ್ಟೂ ಒಂದು ಪಟ್ಟಿಯೇ. ಅದರ ಸಾಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗಾಡಿಯ ಜಾತಿ. ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಸಂಖ್ಯೆ 16590. ಬೆಳಗಾವಿಯಿಂದಲೇ ಹೊರಡುವ ಇನ್ನೊಂದು ಗಾಡಿಯ ಸಂಖ್ಯೆ 20654, ಅದು ಸೂಪರ್‌ಫಾಸ್ಟ್. ಎರಡೂ ಹುಬ್ಬಳ್ಳಿ, ದಾವಣಗೆರೆ ಮೇಲೆ ಹಾಯ್ದು ಬೆಂಗಳೂರು ಸೇರುತ್ತವೆ. ಆದರೂ ಸೂಪರ್‌ಫಾಸ್ಟ್ ಎಂಬ ಹೆಸರಿಗೆ ಸ್ಲೀಪರ್ ದರ್ಜೆಯಲ್ಲಿ ತಲೆಗೆ 30 ರೂಪಾಯಿ ಹೆಚ್ಚು. ಗಾಡಿಯ ಸಂಖ್ಯೆ 12, 20 ಅಥವಾ 22ರಿಂದ ಆರಂಭವಾದರೆ ಅದು ಸಾಮಾನ್ಯವಾಗಿ ಸೂಪರ್‌ಫಾಸ್ಟ್ ಎಂದು ತಿಳಿಯಿರಿ. ಸಂಖ್ಯೆ ಸೊನ್ನೆಯಿಂದ ಆರಂಭವಾದರೆ ಅದು ವಿಶೇಷ ಗಾಡಿ. ಹಬ್ಬ, ಜಾತ್ರೆ, ರಜೆಯ ಕಾಲದಲ್ಲಿ ಬಿಡುವ ಇಂಥ ಅನೇಕ ಗಾಡಿಗಳಲ್ಲಿ ಮೂಲ ದರದ ಮೇಲೆ ವಿಶೇಷ ದರ ಕೂಡುತ್ತದೆ.

2025ರ ಆಗಸ್ಟ್ 10ರಂದು ಬೆಳಗಾವಿ-ಬೆಂಗಳೂರು ವಂದೇ ಭಾರತ್ ಗಾಡಿಯೂ ಬಂದಿತು. ಅದರ ದರವೇ ಬೇರೆ. ಅದರಲ್ಲಿ ಊಟ-ತಿಂಡಿಯ ಹಣವೂ ಸೇರಿರುವುದುಂಟು. ಹೋಗುವಾಗ ಒಂದು ದರ, ಬರುವಾಗ ಒಂದು ದರ ಕಂಡರೆ ಊಟದ ಸಾಲನ್ನು ನೋಡಿರಿ. ಬುತ್ತಿ ಕಟ್ಟಿಕೊಂಡು ಹೋಗುವವರು "ಊಟ ಬೇಡ" ಎಂಬುದನ್ನು ಗುರುತಿಸಿದರೆ ಅಷ್ಟು ಹಣ ಉಳಿಯುತ್ತದೆ.

ಎರಡನೆಯದು ಕೋಟಾ. ಮೊದಲೇ ತೆಗೆದರೆ ಸಾಮಾನ್ಯ ಕೋಟಾದ ದರ. ಹಿಂದಿನ ದಿನ ತೆಗೆದರೆ ತತ್ಕಾಲ್. ಸ್ಲೀಪರಿನಲ್ಲಿ ತತ್ಕಾಲ್ ಎಂದರೆ ತಲೆಗೆ ಕನಿಷ್ಠ 100, ಗರಿಷ್ಠ 200 ರೂಪಾಯಿ ಹೆಚ್ಚು. ಖಚಿತವಾದ ತತ್ಕಾಲ್ ಟಿಕೆಟನ್ನು ನೀವಾಗಿ ರದ್ದು ಮಾಡಿದರೆ ಹಣ ಮರಳುವುದಿಲ್ಲ. ಪ್ರೀಮಿಯಂ ತತ್ಕಾಲ್ ಎಂಬುದು ಇನ್ನೊಂದಿದೆ. ಅದರಲ್ಲಿ ಜಾಗ ಕಡಿಮೆಯಾದಂತೆ ದರ ಏರುತ್ತ ಹೋಗುತ್ತದೆ. ಆವಕ ಕಡಿಮೆಯಾದಾಗ ಧಾರಣೆ ಏರುವಂತೆಯೇ ಸರಿ. ಮೊಬೈಲಿನ ಪರದೆಯಲ್ಲಿ ಈ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಅವಸರದಲ್ಲಿ ಬೆರಳು ಜಾರಿದರೆ ದರವೂ ಜಾರುತ್ತದೆ.

ಮೂರನೆಯದು ತೆಗೆಯುವ ಜಾಗ. ಬೆಳಗಾವಿ ನಿಲ್ದಾಣದ ಕಿಟಕಿಯಲ್ಲಿ ಟಿಕೆಟ್ ತೆಗೆದರೆ ದರವಷ್ಟೇ. ರೈಲ್ವೆಯದೇ ಸಂಸ್ಥೆಯಾದ ಐಆರ್‌ಸಿಟಿಸಿಯ ಮೂಲಕ ಮೊಬೈಲಿನಲ್ಲಿ ತೆಗೆದರೆ ಅನುಕೂಲ ಶುಲ್ಕವೆಂಬುದು ಕೂಡುತ್ತದೆ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಈ ಶುಲ್ಕವನ್ನು ನಿಲ್ಲಿಸಿದ್ದರು. 2019ರ ಸೆಪ್ಟೆಂಬರ್ 1ರಿಂದ ಅದು ಮರಳಿ ಬಂದಿತು. ಸ್ಲೀಪರ್ ಟಿಕೆಟ್ಟಿಗೆ ಯುಪಿಐಯಿಂದ ಹಣ ಕೊಟ್ಟರೆ 10 ರೂಪಾಯಿ, ಕಾರ್ಡಿನಿಂದ ಕೊಟ್ಟರೆ 15 ರೂಪಾಯಿ. ಏಸಿ ಡಬ್ಬಿಗೆ 20 ಮತ್ತು 30. ಇದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ಅಂದರೆ ಸ್ಲೀಪರಿಗೆ 11 ರೂಪಾಯಿ 80 ಪೈಸೆ ಅಥವಾ 17 ರೂಪಾಯಿ 70 ಪೈಸೆ. ಈ ಶುಲ್ಕ ತಲೆಗಲ್ಲ, ಟಿಕೆಟ್ಟಿಗೆ. ಮನೆಯ ನಾಲ್ವರು ಒಂದೇ ಟಿಕೆಟ್ಟಿನಲ್ಲಿ ಹೋದರೆ ಒಂದು ಶುಲ್ಕ. ನಾಲ್ಕು ಬೇರೆ ಟಿಕೆಟ್ ತೆಗೆದರೆ ನಾಲ್ಕು ಶುಲ್ಕ. ಹನಿಗೂಡಿದರೆ ಹಳ್ಳ.

ರೈಲ್ವೆಯ ಒಪ್ಪಿಗೆ ಪಡೆದ ಏಜೆಂಟರು ತಮ್ಮ ಸೇವೆಗೆ ಸ್ಲೀಪರ್ ಟಿಕೆಟ್ಟಿಗೆ 20, ಏಸಿಗೆ 40 ರೂಪಾಯಿಯನ್ನು ತೆರಿಗೆಯೊಡನೆ ತೆಗೆದುಕೊಳ್ಳಬಹುದು. ಖಾಸಗಿ ಕಂಪನಿಗಳ ಆ್ಯಪುಗಳೂ ತಮ್ಮ ಸೇವಾ ಶುಲ್ಕ ಹಾಕುತ್ತವೆ. ರದ್ದು ಮಾಡಿದರೆ ಪೂರ್ತಿ ಹಣ ಎಂಬಂಥ ಭರವಸೆಯ ಹಣವನ್ನೂ ಕೆಲವು ತಾವಾಗಿ ಸೇರಿಸಿರುತ್ತವೆ. ಬೇಡವಾದರೆ ಆ ಗುರುತನ್ನು ತೆಗೆಯಿರಿ.

ಈಗ ಲೆಕ್ಕ ಹಾಕೋಣ. ನಾಲ್ಕು ಜನ ದೊಡ್ಡವರು ಬೆಳಗಾವಿಯಿಂದ ಬೆಂಗಳೂರಿಗೆ ಸ್ಲೀಪರಿನಲ್ಲಿ ಹೋಗಬೇಕು. ಒಂದು ಮನೆಯವರು ರಾಣಿ ಚೆನ್ನಮ್ಮ ಗಾಡಿಗೆ ಯುಪಿಐಯಿಂದ ತೆಗೆದರು. ಮೇಲಿನ ಖರ್ಚು 11 ರೂಪಾಯಿ 80 ಪೈಸೆ. ಪಕ್ಕದ ಮನೆಯವರು ಸೂಪರ್‌ಫಾಸ್ಟ್ ಗಾಡಿಗೆ ಕಾರ್ಡಿನಿಂದ ತೆಗೆದರು. 120 ರೂಪಾಯಿ ಮತ್ತು 17 ರೂಪಾಯಿ 70 ಪೈಸೆ, ಒಟ್ಟು 137 ರೂಪಾಯಿ 70 ಪೈಸೆ. ಇಬ್ಬರ ನಡುವೆ 125 ರೂಪಾಯಿ 90 ಪೈಸೆಯ ಅಂತರ. ಇದರಲ್ಲಿ ಮೋಸವಿಲ್ಲ; ಗಾಡಿ ಬೇರೆ, ಹಣ ಕೊಟ್ಟ ರೀತಿ ಬೇರೆ. ಮೂರನೆಯವರು ತಡಮಾಡಿ ತತ್ಕಾಲಿಗೆ ಹೋದರೆ ಅವರಿಗೆ ಕಡಿಮೆಯೆಂದರೂ ಮತ್ತೆ 400 ರೂಪಾಯಿ ಹೆಚ್ಚು. ಒಂದು ಆಳಿನ ದಿನಗೂಲಿ ತಡಮಾಡಿದ್ದಕ್ಕೇ ಹೋಯಿತು.

ಹೋದ ಸಲದ ದರಕ್ಕೂ ಈ ಸಲದ ದರಕ್ಕೂ ತಾಳೆಯಾಗದಿದ್ದರೆ ಇನ್ನೂ ಕೆಲವು ಕಾರಣಗಳುಂಟು. 2025ರಲ್ಲಿ ಜುಲೈ 1ರಂದು ಒಮ್ಮೆ, ಡಿಸೆಂಬರ್ 26ರಂದು ಇನ್ನೊಮ್ಮೆ ರೈಲು ದರ ಏರಿತು. ಎಕ್ಸ್‌ಪ್ರೆಸ್ ಗಾಡಿಯ ಸ್ಲೀಪರಿಗೆ ಎರಡೂ ಸೇರಿ ಕಿಲೋಮೀಟರಿಗೆ 3 ಪೈಸೆ. ಬೆಂಗಳೂರಿಗೆ ಸುಮಾರು 600 ಕಿಲೋಮೀಟರಿನ ಹಾದಿ. ಅಂದರೆ 18 ರೂಪಾಯಿಯ ಆಸುಪಾಸು. ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಆಗಿನ ದರ ನೆನೆದು ಹೋಲಿಸಬೇಡಿ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಸ್ಲೀಪರಿನಲ್ಲಿ ಪ್ರತ್ಯೇಕ ಬರ್ತ್ ಕೇಳಿದರೆ 2016ರ ಏಪ್ರಿಲಿನಿಂದ ಪೂರ್ತಿ ದರ. ಬರ್ತ್ ಬೇಡವೆಂದರೆ ಅರ್ಧ.

ಹಾಗಾದರೆ ಮೋಸವೆಲ್ಲಿದೆ? ಟಿಕೆಟ್ಟಿನ ಮೇಲೆ ಬರೆದ ಮೊತ್ತಕ್ಕೂ ನಿಮ್ಮಿಂದ ಪಡೆದ ಹಣಕ್ಕೂ ಕಾರಣವಿಲ್ಲದ ಅಂತರವಿದ್ದರೆ ಅಲ್ಲಿ ಮೋಸವಿದೆ. ಆಸ್ಪತ್ರೆಗೆ ಹೋಗುವ ರೋಗಿಯ ಮನೆಯವರು, ಪರೀಕ್ಷೆಗೆ ಹೋಗುವ ಮಕ್ಕಳು ಅವಸರದಲ್ಲಿರುತ್ತಾರೆ. ಅವಸರವನ್ನು ಕಂಡು ಇನ್ನೂರು ಮುನ್ನೂರು ಹೆಚ್ಚು ಕೇಳುವವರಿದ್ದಾರೆ. ಒಪ್ಪಿಗೆಯಿಲ್ಲದೆ ಟಿಕೆಟ್ ವ್ಯಾಪಾರ ಮಾಡುವುದು 1989ರ ರೈಲ್ವೆ ಕಾಯಿದೆಯ 143ನೆಯ ಕಲಮಿನಂತೆ ಅಪರಾಧ. ಅದಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಆದ್ದರಿಂದ ಬಾಂಧವರೇ, ಈ ಕೆಲಸಗಳನ್ನು ಮಾಡಿರಿ. ಹೋಗುವ ದಿನ ಗೊತ್ತಿದ್ದರೆ ಬೇಗ ತೆಗೆಯಿರಿ. 2024ರ ನವೆಂಬರ್ 1ರಿಂದ 60 ದಿನ ಮೊದಲು ಟಿಕೆಟ್ ಸಿಗುತ್ತದೆ. ಮನೆಯ ಓದಿದ ಮಗ ಅಥವಾ ಮಗಳ ಕೈಯಿಂದ ಐಆರ್‌ಸಿಟಿಸಿ ಖಾತೆ ತೆರೆಯಿಸಿ, ಆಧಾರ್ ಜೋಡಿಸಿಡಿ. 2025ರ ಜುಲೈ 1ರಿಂದ ಆಧಾರ್ ಜೋಡಿಸದ ಖಾತೆಯಲ್ಲಿ ತತ್ಕಾಲ್ ಸಿಗುವುದಿಲ್ಲ. ಅವಸರ ಬಂದ ದಿನ ಜೋಡಿಸಲು ಕುಳಿತರೆ ಗಾಡಿ ತಪ್ಪುತ್ತದೆ. ಹಣ ಕೊಡುವ ಮೊದಲು ಗಾಡಿಯ ಸಂಖ್ಯೆ, ದರ್ಜೆ, ಕೋಟಾ, ಒಟ್ಟು ಮೊತ್ತ ಈ ನಾಲ್ಕನ್ನು ಓದಿರಿ. ಕಾಯುವ ಪಟ್ಟಿಯಲ್ಲೇ ಉಳಿದ ಮೊಬೈಲ್ ಟಿಕೆಟ್ ತಾನಾಗಿ ರದ್ದಾಗುತ್ತದೆ, ಸಣ್ಣ ಮೊತ್ತ ಮುರಿದು ಉಳಿದ ಹಣ ಮರಳುತ್ತದೆ. ಆದರೆ ಅನುಕೂಲ ಶುಲ್ಕ ಮರಳದು. ಬೇರೆಯವರಿಂದ ತೆಗೆಸಿದರೆ ಮೊತ್ತ ಬರೆದ ಟಿಕೆಟ್ ಕೈಗೆ ಬಂದ ಮೇಲೆಯೇ ಹಣ ಎಣಿಸಿರಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ರೈಲಿನ ಸಂಶಯಕ್ಕೆ 139, ಮೊಬೈಲಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930, ಈ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಪೇಟೆಯಲ್ಲಿ ಪಟ್ಟಿ ಓದದೆ ಹಣ ಕೊಡದ ರೈತ ಮೊಬೈಲಿನಲ್ಲಿಯೂ ಹಾಗೆಯೇ ನಡೆಯಲಿ. ಓದಲು ಬಾರದ ನೆರೆಯವರಿಗೆ ಓದು ಬಲ್ಲವರು ಇದನ್ನು ಓದಿ ಹೇಳಿರಿ.