ಲೆಕ್ಕ ಮರಳಿದರೆ ನಂಬಿಕೆ ಮರಳೀತು



ಮಲೆನಾಡಿನ ಹಳ್ಳಿಗಳಲ್ಲಿ ಗ್ರಾಮಸಭೆಯ ಪ್ರಸ್ತಾಪ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದುಂಟು: "ಹೋಗಿ ಏನು ಪ್ರಯೋಜನ? ಹೋದ ವರ್ಷವೂ ಬರೆದುಕೊಂಡು ಹೋಗಿದ್ದರು." ಇದನ್ನು ಜನರ ನಿರಾಸಕ್ತಿಯೆಂದು ತಿಳಿಯುವವರಿದ್ದಾರೆ. ವಾಸ್ತವದಲ್ಲಿ ಇದು ಅನುಭವದಿಂದ ಹುಟ್ಟಿದ ತೀರ್ಮಾನ. ಬೇಡಿಕೆಯನ್ನು ಬರೆದುಕೊಳ್ಳುವ ಕ್ರಮವಿದೆ. ಅದು ಏನಾಯಿತೆಂದು ಮರಳಿ ಬಂದು ಹೇಳುವ ಕ್ರಮ ದುರ್ಬಲವಾಗಿದೆ. ಆಡಳಿತದ ಮೇಲಿನ ವಿಶ್ವಾಸ ಸವೆಯುವುದು ಇಲ್ಲಿಯೇ.

ಆಯವ್ಯಯ ರಚನೆಯಲ್ಲಿ ಜನರನ್ನು ತೊಡಗಿಸಿ ಜಗತ್ತಿನ ಗಮನ ಸೆಳೆದ ನಗರ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ. 1989ರಲ್ಲಿ ಅಲ್ಲಿ ಈ ಪದ್ಧತಿ ಆರಂಭವಾಯಿತು. ನಗರವನ್ನು 16 ವಲಯಗಳಾಗಿ ವಿಂಗಡಿಸಲಾಯಿತು. ಪ್ರತಿವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ನಗರಾಡಳಿತವು ಹಿಂದೆ ಒಪ್ಪಿಕೊಂಡ ಕಾಮಗಾರಿಗಳ ಸ್ಥಿತಿಯನ್ನು ಜನರ ಮುಂದಿಡುತ್ತಿತ್ತು. ಹಣದ ಹಂಚಿಕೆಗೆ ವಲಯದ ಜನಸಂಖ್ಯೆ, ಸೌಲಭ್ಯದ ಕೊರತೆ ಮತ್ತು ಜನರು ಸೂಚಿಸಿದ ಆದ್ಯತೆ ಇವುಗಳಿಗೆ ಅಂಕಗಳನ್ನು ನಿಗದಿಗೊಳಿಸಲಾಗಿತ್ತು. ತನ್ನ ಬೀದಿಯ ಚರಂಡಿ ಈ ವರ್ಷ ಏಕೆ ಆಗಲಿಲ್ಲವೆಂಬುದನ್ನು ಬಡ ನಿವಾಸಿಯೂ ಲೆಕ್ಕ ಹಾಕಿ ತಿಳಿಯಬಹುದಿತ್ತು. 1989ರಿಂದ 1996ರ ಅವಧಿಯಲ್ಲಿ ನಲ್ಲಿನೀರು ಪಡೆದ ಮನೆಗಳ ಪ್ರಮಾಣ ಶೇ. 80ರಿಂದ 98ಕ್ಕೆ ಏರಿತು. ಆದರೆ ಈ ಪದ್ಧತಿ ಆಳುವವರ ಇಚ್ಛೆಯನ್ನು ಅವಲಂಬಿಸಿತ್ತು. 2004ರ ಚುನಾವಣೆಯಲ್ಲಿ ಆಡಳಿತ ಬದಲಾದ ತರುವಾಯ ಅದು ಕ್ರಮೇಣ ಸೊರಗಿತು. 2017ರಲ್ಲಿ ಅದನ್ನು ಸ್ಥಗಿತಗೊಳಿಸಲಾಯಿತು.

ನೆರೆಯ ಕೇರಳವು 1996ರಲ್ಲಿ ಜನಕೀಯ ಯೋಜನೆಯನ್ನು ಆರಂಭಿಸಿ, ರಾಜ್ಯದ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ನಿರ್ಧರಿಸಿತು. ಗ್ರಾಮಸಭೆಯಲ್ಲಿ ಚರ್ಚೆ, ಅನಂತರ ಪಂಚಾಯತಿಯ ಸಂಪನ್ಮೂಲಗಳನ್ನು ದಾಖಲಿಸುವ ಅಭಿವೃದ್ಧಿ ವರದಿ, ಆ ಮೇಲೆ ವಿಚಾರಗೋಷ್ಠಿ ಮತ್ತು ಕಾರ್ಯಪಡೆ ಎಂಬ ಹಂತಗಳನ್ನು ಅದು ರೂಪಿಸಿತು. ಊರಿನ ನೀರು, ನೆಲ, ಬೆಳೆಗಳನ್ನು ಅರಿತ ಬಳಿಕವೇ ಹಣದ ಮಾತು ಎಂಬುದು ಅದರ ಸಾರ.

ಕರ್ನಾಟಕದಲ್ಲಿ ಕಾನೂನಿನ ಆಧಾರಕ್ಕೆ ಕೊರತೆಯಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮಸಭೆಯಿದೆ. ಅದಕ್ಕೂ ಕೆಳಗೆ ವಾರ್ಡ್ ಸಭೆಯಿದೆ. ಪಂಚಾಯತಿಯ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಜನರೆದುರು ಪರಿಶೀಲಿಸುವ ಜಮಾಬಂದಿಯಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಆದರೆ ಮಲೆನಾಡಿನ ಭೂಗೋಳವು ಈ ಹಕ್ಕುಗಳಿಗೆ ಅಡ್ಡಬರುತ್ತದೆ. ಜಮಾಬಂದಿಯ ಕಾಲ ಆಗಸ್ಟ್ 16ರಿಂದ ಸೆಪ್ಟೆಂಬರ್ 15. ಆಗ ಇಲ್ಲಿ ಮಳೆ ಬಿಟ್ಟಿರುವುದಿಲ್ಲ. ಬಿಸಿಲು ಕಂಡ ದಿನ ರೈತರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಒಂದೊಂದು ಮನೆ ಒಂದೊಂದು ಗುಡ್ಡದ ಮಗ್ಗುಲಿನಲ್ಲಿದೆ. ಹಳ್ಳ ತುಂಬಿದಾಗ ಸಂಕ ದಾಟಿ ಬರಲಾಗದ ವೃದ್ಧರ, ಕೂಲಿ ಬಿಟ್ಟು ಬರಲಾಗದ ಮಹಿಳೆಯರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುವುದೇ ಇಲ್ಲ. ಆದುದರಿಂದ ವಾರ್ಡ್ ಸಭೆಯನ್ನು ಗಂಭೀರವಾಗಿ ನಡೆಸುವುದು ಬಯಲುಸೀಮೆಗಿಂತ ಮಲೆನಾಡಿಗೆ ಹೆಚ್ಚು ಅವಶ್ಯ.

ಇನ್ನೊಂದು ಅಪಾಯವೂ ಉಂಟು. ಮನೆ, ಕೊಟ್ಟಿಗೆ, ರಸ್ತೆ ಕೇಳಲು ಜನರಿದ್ದಾರೆ. ಹಳ್ಳದ ಪರವಾಗಿ, ಸೊಪ್ಪಿನಬೆಟ್ಟದ ಪರವಾಗಿ ಎದ್ದು ನಿಲ್ಲುವವರು ವಿರಳ. ಸಭೆಯು ಫಲಾನುಭವಿಗಳ ಆಯ್ಕೆಗಷ್ಟೇ ಸೀಮಿತವಾದರೆ ಎಲ್ಲರಿಗೂ ಸೇರಿದ್ದು ಯಾರ ಪಟ್ಟಿಗೂ ಸೇರದು. ಏಪ್ರಿಲ್‌ನಲ್ಲಿ ಬಾವಿ ಬತ್ತಿದಾಗ ಟ್ಯಾಂಕರಿಗೆ ಹಣ ಹುಡುಕುವ ಪಂಚಾಯತಿಯು, ಬಾವಿಗೆ ನೀರೂಡುವ ಗುಡ್ಡಕ್ಕೆ ಹಿಂದಿನ ವರ್ಷ ಎಷ್ಟು ಹಣ ಇಟ್ಟಿತ್ತೆಂದು ಕೇಳುವವರು ಬೇಕು. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಪಂಚಾಯತಿಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಮಳೆನೀರು ಕೊಯ್ಲೂ ಅದರಲ್ಲಿ ಸೇರಿತ್ತು. ಅದು ತಮ್ಮ ಊರಿನಲ್ಲಿ ಕೊಳವೆಬಾವಿಗೆ ಹೋಯಿತೋ, ಇಂಗುಗುಂಡಿಗೆ ಬಂದಿತೋ ಎಂಬುದನ್ನು ಗ್ರಾಮಸ್ಥರು ದಾಖಲೆ ತೆಗೆಸಿ ನೋಡಬಹುದು.

ಹೀಗಾಗಿ ಪ್ರತಿ ಸಭೆಯೂ ಹೊಸ ಬೇಡಿಕೆಯಿಂದಲ್ಲ, ಹಳೆಯ ನಡಾವಳಿಯ ಓದಿನಿಂದ ಆರಂಭವಾಗಲಿ. ಹಿಂದಿನ ವರ್ಷ ಕೇಳಿದ್ದೇನು, ಕ್ರಿಯಾಯೋಜನೆಗೆ ಸೇರಿದ್ದೆಷ್ಟು, ಬಿಟ್ಟುಹೋದದ್ದಕ್ಕೆ ಕಾರಣವೇನು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯಲಿ. ವಿದ್ಯಾರ್ಥಿಗಳು ಆ ಉತ್ತರವನ್ನು ಶಾಲೆ, ಹಾಲಿನ ಡೈರಿ, ಸೊಸೈಟಿಗಳ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಲಿ. "ಹಣ ಸಾಲಲಿಲ್ಲ, ಆಚೆ ಕೇರಿಗೆ ನೀರೇ ಇರಲಿಲ್ಲ, ಅದಕ್ಕೆ ಮೊದಲು ಕೊಟ್ಟೆವು" ಎಂಬ ನೇರ ಉತ್ತರವನ್ನು ಹಳ್ಳಿಯವರು ಒಪ್ಪಬಲ್ಲರು. ಅವರು ಒಪ್ಪದಿರುವುದು ಮೌನವನ್ನು. ಇಲ್ಲವೆಂಬುದನ್ನೂ ಕಾರಣಸಹಿತ ಹೇಳುವ ಪಂಚಾಯತಿಯನ್ನು ಜನ ನಂಬುತ್ತಾರೆ. ಹಾಗೆ ಹೇಳಿಸುವ ಹೊಣೆ ಸಭೆಗೆ ಬರುವ ಜನರದ್ದು.