ಗ್ರಾಮಸಭೆಗೆ ಬನ್ನಿ, ಅನುದಾನದ ಲೆಕ್ಕ ಕೇಳಿ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ದೊಡ್ಡ ಅರ್ಥಶಾಸ್ತ್ರ ನನಗೆ ಬರೋದಿಲ್ಲ. ಪಂಚಾಯಿತಿಗೆ ಬರುವ ಅನುದಾನಕ್ಕೂ ನಮ್ಮ ಹಾಲಿನ ಕ್ಯಾನಿಗೂ ಏನು ಸಂಬಂಧ ಅನ್ನೋದನ್ನಷ್ಟೇ ಹೇಳುತ್ತೇನೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ರೈತರು ತಮ್ಮ ದುಡ್ಡು ತಾವೇ ಕೂಡಿಸಿ, ತಾವೇ ಲೆಕ್ಕ ನೋಡಬಹುದು ಎಂದು ಆ ಊರು ತೋರಿಸಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದ ಮೇಲೆ ಅದೇ ಅಧಿಕಾರ ಗ್ರಾಮಸಭೆಯ ಮೂಲಕ ಪಂಚಾಯಿತಿ ದುಡ್ಡಿನ ಮೇಲೂ ನಮಗೆ ಬಂದಿದೆ.

15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಪಂಚಾಯಿತಿಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ನೂರಕ್ಕೆ 60 ಭಾಗ ನಿರ್ಬಂಧಿತ ಅನುದಾನವಾಗಿತ್ತು. ಅಂದರೆ ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯ ಇಂಥದ್ದಕ್ಕೇ ಖರ್ಚು ಮಾಡಬೇಕಿತ್ತು. ಉಳಿದ 40 ಭಾಗವನ್ನು ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ.

ಹಾಲು ಕೊಡುವ ಸೀಮೆ ಹಸುವಿಗೆ ದಿನಕ್ಕೆ 60-70 ಲೀಟರ್ ನೀರು ಬೇಕು. ಬೋರ್‌ವೆಲ್ ಬತ್ತಿದರೆ ಹಾಲೆಲ್ಲಿಂದ ಬರುತ್ತೆ? ಹೊಲದ ದಾರಿ ಕೆಸರಾದರೆ ಮಳೆಗಾಲದಲ್ಲಿ ಹಾಲು ಹೊತ್ತಿಗೆ ಸರಿಯಾಗಿ ಡೇರಿಗೆ ಬರೋದಿಲ್ಲ, ಒಡೆದು ಹೋಗುತ್ತೆ. ಆ ನಷ್ಟ ಯಾವ ಸರ್ಕಾರದ್ದೂ ಅಲ್ಲ, ಸದಸ್ಯನದ್ದು.

ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೆ ನಮ್ಮ ಸದಸ್ಯರು ಕಾರ್ಯದರ್ಶಿಯ ಕೊರಳಪಟ್ಟಿ ಹಿಡಿಯೋದೊಂದು ಬಾಕಿ! ಬೋನಸ್ ಹತ್ತು ಪೈಸೆ ಇಳಿದರೆ ವಾರ್ಷಿಕ ಸಭೆಯಲ್ಲಿ ಹತ್ತು ಜನ ಎದ್ದು ನಿಲ್ಲುತ್ತೀರಿ. ಒಳ್ಳೆಯದೇ. ಇಪ್ಪತ್ತೈದು ವರ್ಷ ಸಂಘ ಉಳಿದಿದ್ದೇ ಹಾಗೆ ಕೇಳಿದ್ದರಿಂದ. ಆದರೆ ಲಕ್ಷಗಟ್ಟಲೆ ದುಡ್ಡಿನ ತೀರ್ಮಾನ ಆಗುವ ಗ್ರಾಮಸಭೆಯಲ್ಲಿ ಕುರ್ಚಿಗಳು ಖಾಲಿ. ನಾವು ಹೋಗದಿದ್ದರೆ ಪಟ್ಟಿ ನಿಲ್ಲೋದಿಲ್ಲ, ಹೋದವರ ಪಟ್ಟಿ ಆಗುತ್ತೆ. ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಆದ್ದರಿಂದ ನನ್ನ ವಿನಂತಿ ಮೂರು. ಒಂದು, ಕ್ರಿಯಾ ಯೋಜನೆ ಮಾಡುವ ಮುಂಚೆಯೇ ಸಂಘದ ಕಡೆಯಿಂದ ಜಾನುವಾರು ತೊಟ್ಟಿ, ಇಂಗುಗುಂಡಿ, ಹೊಲದ ದಾರಿ ಬೇಕೆಂದು ಬರೆದು ಕೊಡೋಣ. ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳೂ ಮಾತಾಡಲಿ, ಕೊಟ್ಟಿಗೆ ಕಷ್ಟ ಅವರಿಗೇ ಹೆಚ್ಚು ಗೊತ್ತು. ಎರಡು, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಗೆ ಹೋಗಿ ಕಾಮಗಾರಿಯನ್ನೂ ಬಿಲ್ಲನ್ನೂ ನೋಡೋಣ. ಮೂರು, ಮನೆ ಕಂದಾಯ, ನೀರಿನ ಕರ ಬಾಕಿ ಇಡುವುದು ಬೇಡ. ಬಾಕಿ ಇಟ್ಟವನಿಗೆ ಗಟ್ಟಿಯಾಗಿ ಕೇಳೋ ಬಾಯಿ ಇರೋದಿಲ್ಲ.

ಆಯೋಗಗಳು ಬದಲಾಗುತ್ತವೆ, ಯೋಜನೆಗಳ ಹೆಸರು ಬದಲಾಗುತ್ತವೆ. ಅನುದಾನ ಬಿತ್ತನೆ ಬೀಜ ಇದ್ದ ಹಾಗೆ. ಹದ ನೋಡಿ ಬಿತ್ತಿ, ಕಾವಲು ಕಾಯುವ ಕೆಲಸ ನಮ್ಮದು.



ಜೈ ಸಹಕಾರ! ಜೈ ಕರ್ನಾಟಕ!