ಮೊದಲು ಉತ್ತರ, ಆಮೇಲೆ ಪ್ರಶ್ನೆ



ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಆಸ್ಪತ್ರೆಯಿಂದ ಮನೆಗೆ ಮರಳಿದಾಗ ನೋಡಲು ಬಂದವರೆಲ್ಲ ಕೇಳುವ ಮಾತೊಂದಿದೆ: "ನಾನ್ಯಾರು ಹೇಳು ನೋಡೋಣ?" ಹೆಸರು ತಪ್ಪಿದರೆ, "ಅಲ್ಲಪ್ಪ, ಇನ್ನೊಂದ್ಸಲ ಯೋಚನೆ ಮಾಡು." ಕೇಳುವವರಲ್ಲಿ ಅಕ್ಕರೆಯೇ ಇರುತ್ತದೆ. ಆದರೂ ನೆನಪು ತೀರಾ ಕುಂದಿದವರಿಗೆ ಈ ಪರೀಕ್ಷೆಯಿಂದ ಕಲಿಕೆಯೇ ಕೆಟ್ಟೀತು. ಏಕೆಂದು ನೋಡೋಣ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನ ಮೂರ್ಛೆರೋಗ ತಡೆಯಲೆಂದು ವೈದ್ಯರು ಮಿದುಳಿನ ಎರಡೂ ಪಕ್ಕದ ಹಿಪ್ಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗ ತೆಗೆದರು. ಆಮೇಲೆ ನಡೆದ ಸಂಗತಿಗಳು ಆತನ ನೆನಪಿನಲ್ಲಿ ನಿಲ್ಲದಾದವು. ಹೀಗಿದ್ದರೂ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಹಿಂದಿನ ದಿನ ತಿದ್ದಿದ್ದು ಮಾತ್ರ ನೆನಪಿರಲಿಲ್ಲ! ಘಟನೆಯ ನೆನಪು ಅಳಿದಮೇಲೂ ರೂಢಿಯ ನೆನಪು ಉಳಿದಿರಬಲ್ಲದು. ಮರುಕಲಿಕೆಗೆ ಆಧಾರ ಅದೇ, ತೊಡಕಿರುವುದೂ ಅಲ್ಲೇ.

ನಾವು ತಪ್ಪಿದಾಗ, ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವಷ್ಟರಲ್ಲಿ ಮಿದುಳಿನ ಮುಂಭಾಗದ ನಡುವೆ ಒಂದು ವಿದ್ಯುತ್ ಅಲೆ ಏಳುತ್ತದೆ. ಇಇಜಿಯಲ್ಲಿ ಅದು ಕಾಣುತ್ತದೆ. ಆದರೆ "ಹೀಗೆ ಹೇಳಿದ್ದೆ, ಅದು ತಪ್ಪಾಗಿತ್ತು" ಎಂದು ನಾಳೆಗೆ ಉಳಿಸಿಕೊಳ್ಳಲು ಹಿಪ್ಪೊಕ್ಯಾಂಪಸ್ ಬೇಕು. ಅದು ಹಾಳಾದಾಗ ರೂಢಿಯ ನೆನಪು ಸರಿತಪ್ಪು ನೋಡದೆ, ಬಾಯಿಗೆ ಬಂದದ್ದನ್ನೇ ಗಟ್ಟಿಮಾಡುತ್ತದೆ. ಹೊಲದಲ್ಲಿ ನಾಲ್ಕು ಸಲ ತುಳಿದದ್ದೇ ಕಾಲುದಾರಿಯಾಗುವಂತೆ, ತಪ್ಪು ಹೆಸರೇ ಮತ್ತೆ ಮತ್ತೆ ನಾಲಗೆಗೆ ಬರುತ್ತದೆ.

1994ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಇದನ್ನು ಪರೀಕ್ಷಿಸಿದರು. ಕೆಲವು ಪದಗಳ ಮೊದಲ ಅಕ್ಷರಗಳನ್ನಷ್ಟೇ ಕೊಟ್ಟು ಊಹಿಸಲು ಬಿಟ್ಟರು. ಇನ್ನು ಕೆಲವನ್ನು ನೇರವಾಗಿ ಹೇಳಿ ಬರೆಸಿದರು. ನೆನಪು ಕಳೆದುಕೊಂಡವರಿಗೆ ಊಹಿಸದೆ ಕಲಿತ ಪದಗಳೇ ಹೆಚ್ಚು ನಿಂತವು. ಇದಕ್ಕೆ ರೂಢಿಯ ನೆನಪೇ ಕಾರಣ ಎಂಬ ಈ ಇಬ್ಬರ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಅಳಿದುಳಿದ ಘಟನೆಯ ನೆನಪೂ ಇಲ್ಲಿ ಕೈಜೋಡಿಸುತ್ತದೆ ಎನ್ನುವವರಿದ್ದಾರೆ. ವಿಧಾನಕ್ಕಂತೂ ತಪ್ಪಿಲ್ಲದ ಕಲಿಕೆ ಎಂದು ಹೆಸರು.

ಮನೆಯಲ್ಲಿ ಮಾಡುವುದು ಹೇಗೆ? "ಇವಳು ನಿನ್ನ ತಂಗಿ, ಸುಮಾ" ಎಂದು ಮೊದಲೇ ಹೇಳಿ, ತಕ್ಷಣ ಕೇಳಿ. ಅರ್ಧ ನಿಮಿಷ ಬಿಟ್ಟು ಕೇಳಿ, ಆಮೇಲೆ ಒಂದು ನಿಮಿಷ, ಎರಡು, ನಾಲ್ಕು. ತಡವರಿಸಿದರೆ ಕಾಯಿಸಬೇಡಿ, ಉತ್ತರ ನೀವೇ ಹೇಳಿ, ಅಂತರ ಕಡಿಮೆಮಾಡಿ. ಬೇಸರಿಸದೆ ಇದನ್ನು ಮಾಡುವ ಅಮ್ಮಂದಿರ, ಅಕ್ಕಂದಿರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಮರೆವು ಅಲ್ಪಸ್ವಲ್ಪವಿದ್ದವರಿಗೆ ಈ ಕಟ್ಟುನಿಟ್ಟು ಬೇಡ. ತಾವೇ ತಡಕಾಡಿ ಉತ್ತರ ಹುಡುಕಿದರೆ ಅವರಿಗೆ ಲಾಭವೇ ಹೆಚ್ಚು. ಯಾರಿಗೆ ಯಾವುದೆಂದು ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ತಜ್ಞರು ಪರೀಕ್ಷಿಸಿ ಹೇಳಬಲ್ಲರು. ಇನ್ನೊಂದು ಮಾತು. ಹೀಗೆ ಕಲಿತದ್ದು ಕಲಿತ ವಿಷಯಕ್ಕಷ್ಟೇ ಸಲ್ಲುತ್ತದೆ, ಒಟ್ಟು ನೆನಪಿನ ಶಕ್ತಿ ಅದರಿಂದ ಬೆಳೆಯದು. ಹಾಗಾಗಿ ಕಲಿಸುವುದನ್ನು ಆರಿಸಿಕೊಳ್ಳಿ: ಮನೆಯವರ ಹೆಸರು, ಮಾತ್ರೆಯ ಡಬ್ಬಿ ಇರುವ ಜಾಗ, ಮೊಬೈಲಿನ ಅಲಾರಾಂ ಹೊಡೆದಾಗ ಡೈರಿ ತೆರೆದು ನೋಡುವುದು.